ಮಸ್ಕಿ ಬತ್ತಿ

ನಾನು ಒಂದು ಸಲ "ಹೌದು" ಅನ್ನಬೇಕಿತ್ತು. ಅನ್ನಲಿಲ್ಲ. ನನ್ನ ತಮ್ಮ ಎರಡು ಸಲ ಕೇಳಿದ, ಎರಡು ಸಲವೂ "ಇಲ್ಲ" ಅಂದೆ. ಅವನು ನನ್ನ ಮಾತು ನಂಬಿದ. ಅವನ ಬಾಳು ಕೆಟ್ಟದ್ದು ಅಷ್ಟರಿಂದಲೇ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಕೊನೆಗೆ ಇಟ್ಟುಕೊಂಡರೆ ಬರೆಯದೆಯೇ ಬಿಟ್ಟೇನು, ನನ್ನ ಗುಣ ನನಗೆ ಗೊತ್ತಿದೆ.

ಹೋದ ತಿಂಗಳು ಅವನನ್ನು ಮಣ್ಣು ಮಾಡಿ ಬಂದೆವು. ನಾಲ್ಕು ದಿನದ ಜ್ವರ, ಅಷ್ಟೇ. ಹೊತ್ತುಕೊಂಡು ಹೋಗುವಾಗ ಚಹದ ಅಂಗಡಿಯ ಮುಂದೆ ಕೂತಿದ್ದವನೊಬ್ಬ ಯಾರು ಹೋದದ್ದು ಎಂದು ಕೇಳಿದ. ಪಕ್ಕದವನು "ಮಸ್ಕಿ ಬತ್ತಿ" ಅಂದ. ಕೇಳಿದವನಿಗೆ ಅಷ್ಟಕ್ಕೇ ಗೊತ್ತಾಯಿತು, ಎದ್ದು ನಿಂತು ಕೈ ಮುಗಿದ. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಸಿಂಧನೂರಿನಲ್ಲಿ ನನ್ನ ತಮ್ಮನ ನಿಜವಾದ ಹೆಸರು ಹೇಳಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹೊತ್ತವರಲ್ಲಿ ಮುಂದಿನ ಎಡಗಡೆಯ ಹೆಗಲು ನನ್ನದು. ನಾನು ತಿರುಗಿ ನೋಡಲಿಲ್ಲ.

ನಮ್ಮದು ಮೆಟ್ಟು ಹೊಲಿಯುವ ಮನೆ. ನಾನು ಉರ್ದು ಶಾಲೆಯಲ್ಲಿ ಎರಡು ಜಮಾತು ಓದಿ ಬಿಟ್ಟವನು. ಕನ್ನಡ ಅಕ್ಷರ ಕಲಿತದ್ದು ಮಠದ ಅಯ್ಯನವರ ಕಟ್ಟೆಯ ಕೆಳಗೆ ನಿಂತು, ಮೇಲೆ ಕೂತ ಹುಡುಗರು ತಿದ್ದುವುದನ್ನು ನೋಡಿ. ಅಷ್ಟರಲ್ಲಿ ಎಷ್ಟು ಬರೆಯಲು ಬರುತ್ತದೆಯೋ ಅಷ್ಟು ಬರೆಯುತ್ತೇನೆ. ತಮ್ಮ ಅಷ್ಟನ್ನೂ ಕಲಿಯಲಿಲ್ಲ. ಅಪ್ಪ ಸತ್ತ ಮೇಲೆ ನಾನು ಅವನು ಚರ್ಮ ಬಡಿಯುತ್ತಿದ್ದ ಕಲ್ಲಿನ ಮುಂದೆ ಕೂತೆ. ಅವನು ಹಟ್ಟಿಗೆ ಓಡಿಹೋಗಿ ಚಿನ್ನದ ಗಣಿಯ ವರ್ಕ್‌ಶಾಪಿನಲ್ಲಿ ಭಾರ ಹೊರುವ ಕೂಲಿಗೆ ಸೇರಿದ. ಹೊರುತ್ತ ಹೊರುತ್ತ ನೋಡಿದ. ನಾಲ್ಕು ವರ್ಷಕ್ಕೆ ತಿರುಗಿ ಬಂದಾಗ ಇಂಜಿನ್ನು, ಡೈನಮೋ, ಬ್ಯಾಟರಿ ಎಲ್ಲದರ ಗುಟ್ಟು ಅವನ ಕೈಯಲ್ಲಿತ್ತು.

ಉದ್ದಕ್ಕೆ, ಸಣ್ಣಗೆ ಇದ್ದ. ತಲೆಯನ್ನು ಎಡಕ್ಕೆ ವಾಲಿಸಿಕೊಂಡು ನಡೆಯುವನು, ಯಾರೋ ಕಿವಿಯಲ್ಲಿ ಏನೋ ಹೇಳುತ್ತಿದ್ದಾರೆ ಅನ್ನುವ ಹಾಗೆ. ತಂತಿಯನ್ನು ಕಣ್ಣಿನಿಂದ ನೋಡುವ ಮೊದಲು ಮೂಗಿಗೆ ಹಿಡಿಯುವನು. ಸುಟ್ಟ ತಂತಿಯ ವಾಸನೆ ಬೇರೆ, ಬೇಸತ್ತ ತಂತಿಯ ವಾಸನೆ ಬೇರೆ ಅನ್ನುತ್ತಿದ್ದ. ನನಗೆ ಎರಡೂ ಒಂದೇ ವಾಸನೆ ಬಡಿಯುತ್ತಿತ್ತು.

ಊರಿನ ವಕೀಲರೊಬ್ಬರು ಅವನನ್ನು ತಮ್ಮ ಮೋಟಾರಿಗೆ ಮಿಸ್ತ್ರಿ ಅಂತ ಇಟ್ಟುಕೊಂಡರು. ನಡೆಸಲು ಒಬ್ಬ ವಯಸ್ಸಾದ ಡ್ರೈವರ್ ಇದ್ದರು, ನಾವೆಲ್ಲ ಅವರಿಗೆ ಚಾಚಾ ಅನ್ನುತ್ತಿದ್ದೆವು. ಮೋಟಾರು ಹೈದರಾಬಾದಿನ ಯಾವುದೋ ನವಾಬರ ಮನೆಯಲ್ಲಿ ಓಡಿ ದಣಿದು ನಮ್ಮೂರಿಗೆ ಬಂದದ್ದು. ಮೇಲೆ ಮಡಚುವ ಬಟ್ಟೆಯ ಹೊದಿಕೆ, ಮುಂದೆ ಗಂಗಾಳದಷ್ಟು ಅಗಲದ ಎರಡು ಬತ್ತಿ. ಮೋಟಾರಿನ ದೀಪಕ್ಕೆ ನಮ್ಮ ಕಡೆ ಬತ್ತಿ ಅಂತಲೇ ಅನ್ನುವುದು. ನನ್ನ ತಮ್ಮ ಆ ಮೋಟಾರಿನ ಹೊಟ್ಟೆಯೊಳಗೆ ಕೈ ಹಾಕಬಹುದಿತ್ತು, ಸೀಟಿನ ಮೇಲೆ ಕೂರುವಂತಿರಲಿಲ್ಲ. ಹೊರಗಿನ ಹಲಗೆಯ ಮೇಲೆ ನಿಂತು, ಬಾಗಿಲು ಹಿಡಿದುಕೊಂಡು ಲಿಂಗಸುಗೂರಿನ ತನಕ ಹೋಗಿಬರುವನು. ನಾನು ಅದಕ್ಕೆ ಕೆರಳಿದರೆ ಅವನೇ ಸಮಾಧಾನ ಹೇಳುವನು.

"ಸೀಟಿನ್ಯಾಗ ಕುಂತ್ರ ಮೋಟಾರ್ ಏನ್ ಮಾತಾಡ್ತೈತಿ ಅಂತ ಕೇಳಂಗಿಲ್ಲಣ್ಣ. ಹಲಗಿ ಮ್ಯಾಲ ನಿಂತವಗ ಕೇಳ್ತೈತಿ."

ಹಗಲು ಹೊತ್ತಿನಲ್ಲಿ ಬತ್ತಿ ಹೊತ್ತಿದೆಯೋ ಇಲ್ಲವೋ ಪರೀಕ್ಷಿಸಲು ಅವನು ಕರಿ ಕಂಬಳಿಯೊಂದನ್ನು ತಲೆಯ ಮೇಲೆ ಹೊದ್ದು ಬತ್ತಿಯನ್ನೂ ಅದರೊಳಗೆ ಸೇರಿಸಿಕೊಳ್ಳುತ್ತಿದ್ದ. ಹೊರಗೆ ಎರಡು ಕಾಲು ಮಾತ್ರ ಕಾಣುವುದು. ನೀರಿಗೆ ಹೋಗುವ ಹೆಂಗಸರು ನಿಂತು, ಮದಲಿಂಗ ಒಳಗೆ ಯಾರ ಮಾರಿ ನೋಡಾಕತ್ತಾನ ಎಂದು ಚೇಷ್ಟೆ ಮಾಡುವರು. ಕಂಬಳಿಯೊಳಗಿನಿಂದಲೇ ಅವನು, "ಇನ್ನೂ ಮಾರಿ ತೋರಸವಲ್ಲಳಬೇ, ನಾಚ್ಕೊಂಡಾಳ" ಅನ್ನುವನು.

ಅವ್ವನಿಗೆ ಒಂದು ಸಲ ಇದನ್ನೆಲ್ಲ ತಿಳಿಸಿ ಹೇಳಿದ. ಅಂಗಳದಲ್ಲಿ ಇದ್ದಿಲಿನಿಂದ ಮೋಟಾರು ಬರೆದು, ಒಂದು ಕಡೆ ಬ್ಯಾಟರಿ, ಇನ್ನೊಂದು ಕಡೆ ಬತ್ತಿ ಇಟ್ಟು ಬೆರಳು ಓಡಿಸಿದ. ಬ್ಯಾಟರಿಯಿಂದ ಹೊರಟ ಕರೆಂಟು ತಂತಿ ಹಿಡಿದು ಬತ್ತಿಗೆ ಹೋಗುತ್ತದೆ, ಬತ್ತಿಯಿಂದ ಮೋಟಾರಿನ ಕಬ್ಬಿಣದ ಮೈ ಹಿಡಿದು ಮನೆಗೆ ಬರುತ್ತದೆ, ಬರಲು ದಾರಿ ಇಲ್ಲದಿದ್ದರೆ ಅದು ಹೋಗುವುದೂ ಇಲ್ಲ ಅಂದ. ಅವ್ವ ಎಲೆ ಅಡಿಕೆ ಅಗಿಯುತ್ತ ಪೂರಾ ಕೇಳಿದಳು. ಕೇಳಿ, "ನಿನಗಿಂತ ಶಾಣ್ಯಾ ಐತಿ ಬಿಡು. ನೀ ಹಟ್ಟಿಗೆ ಹೋದಾವ ನಾಕ ವರ್ಷ ತಿರುಗಿ ಬರಲಿಲ್ಲ" ಅಂದಳು.

ಅವನು ದೋಷ ಹುಡುಕುವ ರೀತಿಯನ್ನು ಇಲ್ಲಿ ಹೇಳಬೇಕು, ಯಾಕೆಂದರೆ ನನ್ನ ತಪ್ಪು ಅದರೊಳಗೆ ಬಂದು ಕೂತಿದೆ. ಬ್ಯಾಟರಿಯಿಂದ ಶುರು ಮಾಡುವನು, ಒಂದೊಂದನ್ನೇ ವಿಚಾರಿಸುತ್ತ ಬತ್ತಿಯ ತನಕ ಹೋಗುವನು. ವಕೀಲರ ಅಂಗಳದಲ್ಲಿ ದಿನವೂ ಸಾಕ್ಷಿಗಳ ಮಾತು ಕೇಳಿ ಕೇಳಿ ಆ ಚಾಳಿ ಅವನಿಗೂ ಹತ್ತಿತ್ತು. "ಏನ್ರಿ ಫ್ಯೂಜಪ್ಪಾ, ನೀವೇನ್ ಹೇಳ್ತೀರಿ?" ಎಂದು ಬಾಯಿಬಿಟ್ಟೇ ಕೇಳುವನು. ಬಿಚ್ಚುವನು, ತಿಕ್ಕುವನು, ಮೂಸುವನು. ಅದರಲ್ಲಿ ದೋಷ ಇಲ್ಲವೆಂದಾದರೆ "ಹೋಗ್ರಿ, ನೀವು ಖುಲಾಸ್" ಎಂದು ಎಲೆ ಅಡಿಕೆಯ ಡಬ್ಬಿಯಿಂದ ಸುಣ್ಣ ತೆಗೆದು ಅದರ ಮೇಲೆ ಒಂದು ಬೊಟ್ಟು ಇಡುವನು. ಬೊಟ್ಟು ಬಿದ್ದದ್ದನ್ನು ಅವನು ಮತ್ತೆ ಅನುಮಾನಿಸುತ್ತಿರಲಿಲ್ಲ. ಹೀಗೆ ಬೊಟ್ಟು ಇಡುತ್ತ ಹೋದರೆ ಕೊನೆಗೆ ಬೊಟ್ಟು ಇಲ್ಲದ್ದು ಒಂದೇ ಉಳಿಯುತ್ತದೆ, ಕಳ್ಳ ಅದೇ, ಅನ್ನುವುದು ಅವನ ಲೆಕ್ಕ. ಆ ಲೆಕ್ಕ ಎಂದೂ ತಪ್ಪಿರಲಿಲ್ಲ.

ದೇಶ ದೇಶಗಳ ನಡುವೆ ದೊಡ್ಡ ಲಡಾಯಿ ಶುರುವಾದ ಕಾಲ. ಹೊಸ ವಾಯರು ಹೈದರಾಬಾದಿನಲ್ಲೂ ಸಿಗುತ್ತಿರಲಿಲ್ಲ. ಆ ಹಳೆ ಮೋಟಾರಿನ ತಂತಿಗಳಿಗೆ ಮೇಲೆ ನೂಲಿನ ಹೆಣಿಗೆ. ವಕೀಲರ ಮನೆಯ ಇಲಿಗಳಿಗೆ ಅದರ ರುಚಿ ಹತ್ತಿತು. ಎರಡೂ ಬತ್ತಿಗೆ ಹೋಗುವ ತಂತಿಯನ್ನು ಎರಡು ಸಲ ಕಡಿದವು. ತಮ್ಮ ಎರಡು ಸಲವೂ ಜೋಡಿಸಿದ. ಮೂರನೆಯ ಸಲ ಜೋಡಿಸಲು ಉದ್ದ ಸಾಲದು ಎಂದು ನನ್ನ ಹತ್ತಿರ ಬಂದ. ಬೇವಿನೆಣ್ಣೆ ಕುಡಿಸಿದ ಚರ್ಮಕ್ಕೆ ಇಲಿ ಬಾಯಿ ಹಾಕುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ತಂತಿಗೆ ಚರ್ಮದ ಉದ್ದನೆಯ ಚೀಲ ಹೊಲಿದು ಕೊಡು ಅಂದ. ಅವನಿಗೆ ಹಟ್ಟಿಗೆ ಎರಡು ದಿನದ ಕೆಲಸವಿತ್ತು. ಹೋಗುವ ಮೊದಲು ತಂತಿಯ ಮುಂದಿನ ತುದಿ ಬಿಚ್ಚಿಟ್ಟು, ನನ್ನ ಕೈ ಹಿಡಿದು ತೋರಿಸಿ ಹೇಳಿದ.

"ಮೊದ್ಲ ಚೀಲ ಹೊಲಿ. ಆಮ್ಯಾಲ ಈ ತುದಿಯಿಂದ ಏರಸು. ವಾಯರ್ ಒಳಗಿಟ್ಟು ಹೊಲೀಬ್ಯಾಡಣ್ಣ."

ಹಟ್ಟಿಯ ಕೆಲಸ ಏನೆಂದರೆ, ಅವನಿಗೆ ಗಣಿಯಲ್ಲಿ ಕಾಯಂ ನೌಕರಿಯ ಮಾತು ನಡೆದಿತ್ತು. ಕರೆಂಟಿನ ವಿಭಾಗದಲ್ಲಿ, ಇರಲು ಖೋಲಿಯ ಸಮೇತ. ಅಲ್ಲಿನ ಇಂಜಿನಿಯರ್ ಸಾಹೇಬರು ವಕೀಲರಿಗೆ ಪರಿಚಯದವರು. ವಕೀಲರು ಮಾತು ಹಾಕಿದ್ದರು. ಅವ್ವನಿಗೆ ಇದ್ದ ಆಸೆ ಒಂದೇ, ಎಣ್ಣೆ ಇಲ್ಲದೆ ಉರಿಯುವ ದೀಪದ ಕೆಳಗೆ ಕೂತು ಒಂದು ಸಲ ರೊಟ್ಟಿ ತಟ್ಟಬೇಕು. ಅವನ ಜೊತೆ ಹೋಗಲೆಂದು ಆಗಲೇ ಕೌದಿ ಒಗೆದು ಗಂಟು ಕಟ್ಟಿಟ್ಟಿದ್ದಳು.

ನಾನು ತಂಗಡಿ ತೊಗಟೆಯಲ್ಲಿ ಹದ ಮಾಡಿದ ಆಡಿನ ಚರ್ಮ ತೆಗೆದುಕೊಂಡು ವಕೀಲರ ಅಂಗಳಕ್ಕೆ ಹೋದೆ. ಚೀಲ ಹೊಲಿದು ಆಮೇಲೆ ತಂತಿ ತೂರಿಸುವುದು ನಿಧಾನದ ಕೆಲಸ, ಮೇಲಾಗಿ ಸಡಿಲವಾಗಿ ಜೋಲುತ್ತದೆ, ನೋಡಲು ಚೆಂದವಿಲ್ಲ. ತಂತಿಯ ಮೇಲೆಯೇ ಚರ್ಮ ಸುತ್ತಿ ಹೊಲಿದರೆ ಚಾವಟಿಯ ಹಿಡಿಯ ಹಾಗೆ ಬಿಗಿಯಾಗಿ ಕೂರುತ್ತದೆ. ಅವನು ಬೇಡ ಅಂದದ್ದು ನೆನಪಿತ್ತು. ನನ್ನ ಕೈ ಮೇಲೆ ನನಗೆ ಭರವಸೆ ಹೆಚ್ಚು. ವಾಯರ್ ಒಳಗಿಟ್ಟೇ ಹೊಲಿಯಲು ಕೂತೆ.

ವಕೀಲರು ಯಾರೋ ಇಬ್ಬರು ದೊಡ್ಡ ಮನುಷ್ಯರೊಡನೆ ಮಾತಾಡುತ್ತ ಹೊರಗೆ ಬಂದರು. ನನ್ನ ಹಿಂದೆ ನಿಂತರು. ನಿಂತು, "ನೋಡ್ರಿ, ಹೊಲಿಗಿ ಅಂದ್ರ ಇದು. ಈ ಮೋಟಾರಿನ್ಯಾಗ ಕಣ್ಣಿಗೆ ಚಂದ ಕಾಣೋದು ಇದೊಂದ ಅದ" ಅಂದರು. ಮೆಟ್ಟು ಹೊಲಿಯುವವನ ಕೆಲಸವನ್ನು ನಿಂತು ನೋಡಿದವರು ನನ್ನ ಆಯುಷ್ಯದಲ್ಲಿ ಅವರೇ ಮೊದಲಿಗರು. ಜನ ನಮ್ಮ ಹೊಲಿಗೆಯನ್ನು ಕಾಲಲ್ಲಿ ತುಳಿಯುವರು, ಅದನ್ನು ನೋಡುವವರು ಯಾರು? ನನಗೆ ಮೈ ಬೆಚ್ಚಗಾಯಿತು. ಕೈ ಚುರುಕಾಯಿತು. ಚರ್ಮಕ್ಕೆ ತೂತು ಹೊಡೆಯುವ ದಬ್ಬಣವನ್ನು ನೋಡದೆಯೇ ಒತ್ತಿದೆ.

ಅನ್ನದಲ್ಲಿ ಹಲ್ಲಿಗೆ ಕಲ್ಲು ಸಿಕ್ಕಾಗ ಆಗುತ್ತದಲ್ಲ, ಹಾಗೆ ಆಯಿತು ಬೆರಳಿಗೆ. ಕಿರ್ ಅಂದಿತು. ದಬ್ಬಣ ಹೊರಗೆ ಎಳೆದೆ. ಅದರ ಮೊನೆಯ ಮೇಲೆ ಕೂದಲಿನ ಎಳೆಯಷ್ಟು ಕೆಂಪಗೆ ತಾಮ್ರ ಹೊಳೆಯಿತು. ವಕೀಲರು ಇನ್ನೂ ಹಿಂದೆ ನಿಂತಿದ್ದರು. ದಬ್ಬಣವನ್ನು ತೊಡೆಗೆ ಒರೆಸಿಕೊಂಡು ಮುಂದಿನ ಹೊಲಿಗೆ ಹಾಕಿದೆ.

ತಮ್ಮ ಹಟ್ಟಿಯಿಂದ ಬಂದವನೇ ಹೆಬ್ಬೆರಳಿನಿಂದ ಹೊಲಿಗೆಯ ಉದ್ದಕ್ಕೂ ಸವರಿ ನೋಡಿದ. ಹೊಲಿದು ಆಮೇಲೆ ಏರಿಸಿದೆಯಲ್ಲ ಎಂದು ಕೇಳಿದ. ಹೌದು ಅಂದೆ. ದಬ್ಬಣ ಎಲ್ಲೂ ತಾಗಿಲ್ಲವಲ್ಲ ಅಂದ. ಇಲ್ಲ ಅಂದೆ. ತಂತಿಯ ತುದಿ ಜೋಡಿಸಿ ಕಂಬಳಿ ಹೊದ್ದ. ಬತ್ತಿ ಎರಡೂ ಹೊತ್ತಿದವು. ನನಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಏನೂ ಆಗಿಲ್ಲ ಅಂದುಕೊಂಡೆ.

ಆಗಿತ್ತು. ಆ ತಂತಿಯೊಳಗೆ ಸಣ್ಣ ಸಣ್ಣ ತಾಮ್ರದ ಎಳೆಗಳ ಜಡೆ ಇರುತ್ತದೆ. ನನ್ನ ದಬ್ಬಣ ಅದರಲ್ಲಿ ಬಹಳಷ್ಟನ್ನು ಹರಿದಿತ್ತು. ಉಳಿದ ಎರಡು ಮೂರು ಎಳೆಗಳು ದಾರಿಯ ಕುಲುಕಿಗೆ ಒಂದೊಂದಾಗಿ ಹರಿದವು. ಹತ್ತು ಹನ್ನೆರಡು ದಿನ ಸರಿಯಾಗಿಯೇ ಇತ್ತು. ಆಮೇಲೆ ಒಂದು ಸಂಜೆ ಲಿಂಗಸುಗೂರಿನ ಅದಾಲತ್ತಿನಿಂದ ತಿರುಗಿ ಬರುವಾಗ ಮಸ್ಕಿಯ ಹಳ್ಳ ಇಳಿಯುವಲ್ಲಿ ಎರಡೂ ಬತ್ತಿ ಒಮ್ಮೆಗೇ ಆರಿದವು. ಹಳ್ಳ ಹತ್ತಿದ ಮೇಲೆ ತಾವಾಗಿಯೇ ಹೊತ್ತಿದವು. ಎರೆಹೊಲದ ದಾರಿ, ಎದುರಿಗೆ ಹತ್ತಿಯ ಬಂಡಿಗಳು. ಚಾಚಾ ಹೆದರಿ ಬೆವತು ಮನೆಗೆ ತಂದರು.

ಮರುದಿನದಿಂದ ತಮ್ಮನ ವಿಚಾರಣೆ ಶುರುವಾಯಿತು. ಅಂಗಳದಲ್ಲಿ ಹೊತ್ತುವ ಬತ್ತಿ ದಾರಿಯಲ್ಲಿ ಆರುತ್ತದೆ. ಮುಂದೆ ನಿಂತು ನೋಡಿದರೆ ದೋಷವೇ ಇಲ್ಲ. ಬ್ಯಾಟರಿಯ ತಲೆಯ ಮೇಲಿನ ಬಿಳಿ ಹೊಪ್ಪಳಿಕೆಯನ್ನು ಬಿಸಿನೀರು ಹಾಕಿ ತೊಳೆದ, ಬೊಟ್ಟು ಇಟ್ಟ. ಫ್ಯೂಜು ಬದಲಿಸಿದ, ಬೊಟ್ಟು. ಸ್ವಿಚ್ಚನ್ನು ಸೀಮೆಎಣ್ಣೆಯಲ್ಲಿ ಅದ್ದಿ ತಿಕ್ಕಿದ, ಬೊಟ್ಟು. ಕಬ್ಬಿಣದ ಮೈಗೆ ತಂತಿ ಕಚ್ಚುವ ಜಾಗಗಳನ್ನೆಲ್ಲ ಬೆಳ್ಳಿಯಂತೆ ಹೊಳೆಯುವ ತನಕ ಕೆರೆದ. ಬತ್ತಿಯ ಒಳಗಿನ ಸ್ಪ್ರಿಂಗು ಎಳೆದು ಉದ್ದ ಮಾಡಿದ. ಮೋಟಾರಿನ ತುಂಬ ಬಿಳಿ ಬೊಟ್ಟುಗಳಾದವು. "ಕ್ಯಾ ಮಿಸ್ತ್ರಿ, ಗಾಡಿಗೆ ಅಮ್ಮ ಆಗ್ಯಾಳೇನು?" ಎಂದು ಚಾಚಾ ನಗಿಸಲು ನೋಡಿದರು. ಅವನು ನಗಲಿಲ್ಲ.

ಪ್ರತಿ ಬೊಟ್ಟಿನ ನಂತರ ಚಾಚಾ ಮೋಟಾರನ್ನು ಊರ ಹೊರಗೆ ಒಯ್ಯುವರು, ಅವನು ಮುಂದಿನ ಗಾಲಿಯ ಮೇಲಿನ ತಗಡಿನ ರೆಕ್ಕೆಯ ಮೇಲೆ ಹೊಟ್ಟೆ ಹಚ್ಚಿ ಮಲಗಿ ಒಂದೊಂದು ತಂತಿ ಹಿಡಿದು ಅಲುಗಿಸುವನು. ನನ್ನ ಚರ್ಮದ ಚೀಲವನ್ನೂ ಹಿಡಿದು ಅಲುಗಿಸಿದ. ಬಿಗಿ ಹೊಲಿಗೆ, ಒಳಗಿನ ತಂತಿ ಮಿಸುಕಲಿಲ್ಲ. ದೊಡ್ಡ ಕುಣಿಯಲ್ಲಿ ಮೋಟಾರಿನ ಮೈ ತಿರುಚಿದಾಗ ಮಾತ್ರ ಎಳೆಗಳು ಬೇರೆಯಾಗುತ್ತಿದ್ದವು. ಕೈಗೆ ಅದು ಸಿಗುತ್ತಿರಲಿಲ್ಲ. ನನ್ನ ಹೊಲಿಗೆ ಅಷ್ಟು ಚೆನ್ನಾಗಿತ್ತು.

ಅದೇ ವಾರ ವಕೀಲರು ಸುದ್ದಿ ತಂದರು. ಬರುವ ಗುರುವಾರ ಗಣಿಯ ಸಾಹೇಬರು ಲಿಂಗಸುಗೂರಿನಿಂದ ಇದೇ ಮೋಟಾರಿನಲ್ಲಿ ಸಿಂಧನೂರಿಗೆ ಊಟಕ್ಕೆ ಬರುವವರಿದ್ದರು. ಮಿಸ್ತ್ರಿಯ ಕೆಲಸವನ್ನು ಅವರು ಕಣ್ಣಾರೆ ನೋಡಲಿ, ಆಮೇಲೆ ಕಾಗದ ಬರೆಸಿಕೊಳ್ಳೋಣ ಎಂದರು.

ಬುಧವಾರ ಮಧ್ಯಾಹ್ನ ತಮ್ಮ ನನ್ನ ಕಲ್ಲಿನ ಮುಂದೆ ಬಂದು ಕುಕ್ಕುರುಗಾಲಲ್ಲಿ ಕೂತ. ಕೈಯೆಲ್ಲ ಸೀಮೆಎಣ್ಣೆ. ಮೆಟ್ಟಿಗಾಗಿ ಕಾಯುತ್ತ ಇಬ್ಬರು ಗಿರಾಕಿಗಳೂ ಕೂತಿದ್ದರು.

"ಅಣ್ಣಾ, ಎಲ್ಲಾರೂ ಖುಲಾಸ್ ಆದ್ರು. ನಿನ್ನ ಚೀಲ ಒಂದ ಉಳದೈತಿ. ಬಿಚ್ಚಿ ನೋಡಲಾ?"

"ಬಿಚ್ಚಿದ್ರ ಮತ್ತ ಹೊಲ್ಯಾಕ ಚರ್ಮ ಎಲ್ಲೈತಿ? ಏನಾಗೈತಿ ಅದಕ್ಕ?"

"ದಬ್ಬಣ ಎಲ್ಲೆರ ಒಂಚೂರು ತಾಗಿತ್ತೇನು? ನೆಪ್ಪ ಮಾಡ್ಕೊ."

ಗಿರಾಕಿಗಳು ನನ್ನ ಮುಖ ನೋಡುತ್ತಿದ್ದರು. ನಾನು ದನಿ ಏರಿಸಿದೆ.

"ಇಲ್ಲ ಅಂದೆನಲ್ಲ ಲೇ. ನಿನ್ನ ಕೈಲೆ ಆಗವಲ್ದಂತ ನನ್ನ ಹೊಲಿಗಿ ಮ್ಯಾಲ ಹಾಕ್ತಿ?"

ಅವನಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಎಷ್ಟು ಒಳ್ಳೆಯದಿತ್ತು. "ನೀ ಅಂದಮ್ಯಾಲ ಆತು ಬಿಡಣ್ಣ" ಅಂದ. ನನ್ನ ಮಗ್ಗುಲಿಗಿದ್ದ ನನ್ನದೇ ಡಬ್ಬಿಯಿಂದ ಬೆರಳ ತುದಿಗೆ ಸುಣ್ಣ ತೆಗೆದುಕೊಂಡು ಎದ್ದು ಹೋದ. ನನ್ನ ಚೀಲದ ಮೇಲೆ ಬೊಟ್ಟು ಇಡಲು ಹೋದ ಎಂದು ನನಗೆ ಗೊತ್ತಿತ್ತು. ಕೂಗಿ ಕರೆಯಲು ಹತ್ತು ಹೆಜ್ಜೆಯ ಸಮಯವಿತ್ತು. ಹೆಜ್ಜೆ ಎಣಿಸುತ್ತ ಕೂತೆ. ಅವನು ಮೂಲೆ ತಿರುಗಿದ.

ಗುರುವಾರದ ಸಂಗತಿ ಚಾಚಾ ಹೇಳಿದ್ದು. ಹೊತ್ತು ಮುಳುಗುವಾಗ ಮಸ್ಕಿಯ ಹಳ್ಳ ಇಳಿದರು, ಬತ್ತಿ ಆರಿತು, ಈ ಸಲ ಮತ್ತೆ ಹೊತ್ತಲಿಲ್ಲ. ತಮ್ಮ ಹಲಗೆಯಿಂದ ಹಾರಿ ಒಂದೊಂದೇ ಕಡ್ಡಿ ಗೀರುತ್ತ ನನ್ನ ಚೀಲ ಒಂದನ್ನು ಬಿಟ್ಟು ಬೊಟ್ಟು ಇಟ್ಟದ್ದನ್ನೆಲ್ಲ ಮತ್ತೆ ಬಿಚ್ಚಿದ. ಕಡ್ಡಿಪೆಟ್ಟಿಗೆ ಮುಗಿಯಿತು. ಕೊನೆಗೆ ಒಂದು ಹತ್ತಿ ಬಂಡಿಯವನ ಕಂದೀಲು ಈಸಿಕೊಂಡು ತಮ್ಮ ಮುಂದೆ ಮುಂದೆ ನಡೆದ, ಅವನ ಹಿಂದೆ ಮೋಟಾರು ಮಸ್ಕಿಯ ತನಕ ಆಮೆಯ ಹಾಗೆ ಬಂತು. ಮಸ್ಕಿಯಲ್ಲಿ ಜನ ಸೇರಿ ನಕ್ಕರು. ಸಾಹೇಬರು ಬೈಯಲಿಲ್ಲ. ಮನುಷ್ಯ ಒಳ್ಳೆಯವನಿದ್ದಾನೆ, ಆದರೆ ಗಣಿಯ ಕೆಳಗೆ ಬತ್ತಿ ಆರಿದರೆ ಕಂದೀಲು ಹಿಡಿದು ನಡೆಯಲು ದಾರಿ ಇರುವುದಿಲ್ಲ, ಅಲ್ಲಿ ಜನ ಇರುತ್ತಾರೆ ಎಂದು ವಕೀಲರಿಗೆ ಹೇಳಿದರಂತೆ. ಅವರ ಮಾತಿನಲ್ಲಿ ತಪ್ಪಿಲ್ಲ. ಅವರ ಜಾಗದಲ್ಲಿ ಯಾರಿದ್ದರೂ ಅದನ್ನೇ ಹೇಳುತ್ತಿದ್ದರು.

ವಕೀಲರು ಅವನನ್ನು ಕೆಲಸದಿಂದ ಬಿಡಿಸಿದರು. ಅವ್ವ ಕೌದಿಯ ಗಂಟು ಬಿಚ್ಚಿದಳು. ಮುಂದಿನ ವರ್ಷ ಅವಳು ಹೋಗುವಾಗ ತಲೆಯ ಹತ್ತಿರ ಇದ್ದದ್ದು ಎಣ್ಣೆಯ ದೀಪವೇ.

ತಮ್ಮ ಬೇರೆ ಮೋಟಾರಿನವರ ಹತ್ತಿರ ಕೆಲಸ ಕೇಳಲು ಹೋಗಲಿಲ್ಲ. ತನ್ನ ಲೆಕ್ಕವೇ ತಪ್ಪಿತು ಎಂದು ಅವನು ನಂಬಿದ. ಎಲ್ಲದರ ಮೇಲೂ ಬೊಟ್ಟು ಬಿದ್ದು ಕಳ್ಳ ಸಿಗಲಿಲ್ಲವೆಂದರೆ ಬೊಟ್ಟು ಇಡುವ ಬೆರಳೇ ಸರಿಯಿಲ್ಲ. ಒಂದು ಮುಂಜಾನೆ ಬಂದು ನನ್ನ ಮಗ್ಗುಲಿಗೆ ಇನ್ನೊಂದು ಕಲ್ಲು ಹಾಕಿಕೊಂಡು ಕೂತ. ಅವನು ಹೊಲಿದ ಮೆಟ್ಟುಗಳು ಎಡಬಲ ಕೂಡುತ್ತಿರಲಿಲ್ಲ. ಗಿರಾಕಿಗಳು ತಿರುಗಿ ತಂದು ಎಸೆಯುವರು, ಅವನು "ಹೌದ್ರಿ, ತಪ್ಪೈತಿ" ಎಂದು ಒಪ್ಪಿಕೊಂಡು ಮತ್ತೆ ಬಿಚ್ಚುವನು. ಆದರೆ ದಾರಿಯಲ್ಲಿ ಮೋಟಾರು ಹೋದರೆ ತಲೆ ತಾನಾಗಿ ಎಡಕ್ಕೆ ವಾಲುವುದು. "ಡೈನಮೋ ಪಟ್ಟಿ ಸಡ್ಲ ಆಗೈತಿ" ಅನ್ನುವನು, ನನಗಲ್ಲ, ಕೈಯಲ್ಲಿದ್ದ ಮೆಟ್ಟಿಗೆ. ಎದ್ದು ಹೋಗಿ ಅವರಿಗೆ ಹೇಳುತ್ತಿರಲಿಲ್ಲ. ಊರ ಹುಡುಗರು ಅವನನ್ನು ಕಂಡಾಗಲೆಲ್ಲ ಮಸ್ಕಿ ಬತ್ತಿ ಬಂತು, ಮಸ್ಕಿ ಬತ್ತಿ ಹೋತು ಅನ್ನುವರು. ಮೊದಮೊದಲು ತಿರುಗಿ ನೋಡುತ್ತಿದ್ದ. ಆಮೇಲೆ ಆ ಹೆಸರಿಗೆ ಓ ಅನ್ನಲು ಕಲಿತ.

ಯಾಕೆ ಹೇಳಲಿಲ್ಲ ಎಂದು ಓದಿದವರು ಕೇಳಬಹುದು. ಮೊದಲು ಹೆದರಿಕೆ. ಆಮೇಲೆ, ಈಗ ಹೇಳಿ ಏನು ಬಂತು ಅನ್ನುವ ಮಾತು. ಆಮೇಲೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಅಂದರೆ ಏನು ಹೇಳಲಿ ಅನ್ನುವ ನಾಚಿಕೆ. ಅವನು ಒಂದು ಮಾರು ದೂರದಲ್ಲಿ ಕೂತಿರುತ್ತಿದ್ದ. ಬಾಯಿಯ ತನಕ ಬಂದದ್ದನ್ನು ದಾರಕ್ಕೆ ಮೇಣ ಹಚ್ಚುತ್ತ ನುಂಗುತ್ತಿದ್ದೆ.

ನಾಲ್ಕನೆಯ ವರ್ಷ ಚರ್ಮ ಕೊಯ್ಯುವ ರಂಪಿಗೆ ಜಾರಿ ಅವನ ಬಲಗೈ ಹೆಬ್ಬೆರಳಿನ ನರ ಹರಿಯಿತು. ಗಾಯ ಮಾಯಿತು, ಬೆರಳು ಕಟ್ಟಿಗೆಯ ಹಾಗೆ ನೆಟ್ಟಗೆ ನಿಂತುಬಿಟ್ಟಿತು. ರಂಪಿಗೆ ನನ್ನದು, ಕೆಲಸ ನನ್ನದು. ಅವನು ಅಲ್ಲಿ ಕೂತದ್ದೂ ನನ್ನಿಂದಲೇ.

ಅಷ್ಟರಲ್ಲಿ ವಕೀಲರು ಮೋಟಾರನ್ನು ರಾಯಚೂರಿನ ಕಡೆಯವರಿಗೆ ಮಾರಿದ್ದರು. ಚಾಚಾ ಅದನ್ನು ಅಲ್ಲಿಗೆ ಮುಟ್ಟಿಸಿ ಬಂದು, ಲಿಂಗಸುಗೂರಿಗೆ ಹೋಗುವ ಇದ್ದಿಲ ಗ್ಯಾಸಿನ ಬಸ್ಸಿಗೆ ಡ್ರೈವರಾಗಿ ಸೇರಿದರು. ಒಂದು ದಿನ ತಮ್ಮ ಇಲ್ಲದ ಹೊತ್ತು ನೋಡಿ ನನ್ನ ಹತ್ತಿರ ಬಂದರು. ಕೈಯಲ್ಲಿ ಹಳೆ ಪತ್ರಿಕೆಯ ಸುರುಳಿ. ಬಿಚ್ಚಿದರೆ ಒಳಗೆ ನನ್ನ ಚರ್ಮದ ಚೀಲ, ಅರ್ಧಕ್ಕೆ ಕೊಯ್ದದ್ದು. ಮೇಲೆ ಸುಣ್ಣದ ಬೊಟ್ಟು ಇನ್ನೂ ಇತ್ತು. ಒಳಗೆ ಗೇಣುದ್ದದ ತಂತಿ, ನಡುವೆ ಹರಿದು ಹಸಿರು ಕಿಲುಬು ಕಟ್ಟಿತ್ತು. ಆ ಹಸಿರಿನ ನೇರಕ್ಕೆ ಚರ್ಮದಲ್ಲಿ ನನ್ನ ದಬ್ಬಣದ ತೂತು. ರಾಯಚೂರಿನ ಮಿಸ್ತ್ರಿ ಕೊಯ್ದು ನೋಡಿದನಂತೆ.

ಚಾಚಾ ಆ ತೂತಿನ ಮೇಲೆ ಬೆರಳಿಟ್ಟು ತೋರಿಸಿದರು. ಆಮೇಲೆ, "ತಮ್ಮಗ ಹೇಳಪ್ಪಾ. ನಾ ಹೇಳಿದ್ರ ಚಾಡಿ ಆಗ್ತದ. ನೀ ಹೇಳಿದ್ರ ಮಾಫಿ ಆಗ್ತದ" ಎಂದು ಎದ್ದು ಹೋದರು. ನಾನು ಆ ಸುರುಳಿಯನ್ನು ನನ್ನ ಕಲ್ಲಿನ ಕೆಳಗೆ ಇಟ್ಟೆ. ಆ ಕಲ್ಲಿನ ಮೇಲೆಯೇ ಇನ್ನೊಂದು ವರ್ಷ ಚರ್ಮ ಬಡಿದೆ.

ಕೊನೆಗೆ ಹೇಳಿದ್ದು ಹೇಗೆಂದು ಬರೆಯುವ ಮೊದಲು ಅದರಿಂದ ಏನೂ ಸರಿಹೋಗಲಿಲ್ಲ ಎಂಬುದನ್ನೂ ಬರೆಯಬೇಕು. ಹೆಬ್ಬೆರಳು ಬಾಗಲಿಲ್ಲ. ಹಟ್ಟಿಯಿಂದ ಕರೆ ಬರಲಿಲ್ಲ. ಹೆಸರು ಹೋಗಲಿಲ್ಲ, ಅದನ್ನು ಮೊದಲೇ ಹೇಳಿದೆ. ಮರುದಿನ ಅವನು ಎಂದಿನಂತೆ ಬಂದು ತನ್ನ ಕಲ್ಲಿನ ಮುಂದೆ ಕೂತ, ಆ ತಂತಿಯ ತುಂಡು ಕೊಡು ಅಂದ, ಕೊಟ್ಟೆ. ಆಮೇಲೆ ಅದರ ಮಾತು ಎತ್ತಲಿಲ್ಲ. ಹೋದ ತಿಂಗಳು ಅವನ ಮೈ ತೊಳೆಯಲು ಅಂಗಿ ತೆಗೆದಾಗ ಅದು ಜೇಬಿನಲ್ಲಿತ್ತು. ಹರಿದಲ್ಲಿ ಬೆಸುಗೆ ಹಾಕಿದ್ದ. ಸೆಟೆದ ಬೆರಳಿನ ಕೆಲಸ, ದಪ್ಪಗೆ, ಸೊಟ್ಟಗೆ. ಎರಡೂ ತುದಿ ಹಿಡಿದು ಎಳೆದೆ. ಬಿಡಲಿಲ್ಲ.

ಇನ್ನು ಆ ಸಂಜೆ. ಚಾಚಾ ಅವರ ಬಸ್ಸು ಸಿಂಧನೂರಿನ ಸುಂಕದ ನಾಕಾದ ಹತ್ತಿರ ನಿಂತಿತ್ತು, ನಮ್ಮ ಕಲ್ಲುಗಳಿಂದ ಕೂಗಳತೆ. ಹೊತ್ತು ಇಳಿಯುತ್ತಿತ್ತು, ಬತ್ತಿ ಹೊತ್ತುತ್ತಿರಲಿಲ್ಲ. ಜನ ಇಳಿದು ಗೊಣಗುತ್ತಿದ್ದರು. ಚಾಚಾ ನೇರ ನನ್ನ ತಮ್ಮನ ಹತ್ತಿರ ಬಂದರು. ಅವನನ್ನು ಮಿಸ್ತ್ರಿ ಎಂದು ಕರೆಯುವವರು ಅವರೊಬ್ಬರೇ ಉಳಿದಿದ್ದರು.

"ಬಾ ಮಿಸ್ತ್ರಿ, ಒಂದು ಸಲ ನೋಡು."

ತಮ್ಮ ಬಲಗೈ ಎತ್ತಿ ಬೆರಳು ತೋರಿಸಿದ. "ಇದರಾಗ ಏನ್ ಹಿಡೀಲಿ ಚಾಚಾ? ಬೆರಳು ಸುದ್ದ ಇದ್ದಾಗ ನನ್ನ ಕೈಲೆ ಏನಾತು ಅನ್ನೂದು ಮಸ್ಕಿಯಾಗ ಎಲ್ಲಾರೂ ನೋಡ್ಯಾರ."

ಜನರ ನಡುವಿನಿಂದ ಯಾರೋ, "ಬಿಡ್ರಿ ಸಾಬರ, ಮಸ್ಕಿ ಬತ್ತಿ ಮುಟ್ಟಿದ್ರ ಹಗಲೂ ಆರ್ತೈತಿ" ಅಂದರು. ಎಲ್ಲರೂ ನಕ್ಕರು. ಅವರ ಜೊತೆ ನನ್ನ ತಮ್ಮನೂ ನಕ್ಕ. ತಲೆ ಎಡಕ್ಕೆ ವಾಲಿಸಿಕೊಂಡು, ಒಳ್ಳೆಯ ಮಾತೊಂದನ್ನು ಮೆಚ್ಚಿದವನ ಹಾಗೆ ನಕ್ಕ.

ಅವನು ಅತ್ತಿದ್ದರೆ ನಾನು ಅವತ್ತೂ ತಡೆದುಕೊಳ್ಳುತ್ತಿದ್ದೆ ಎಂದು ಕಾಣುತ್ತದೆ. ಆ ನಗುವನ್ನು ತಡೆಯಲು ಆಗಲಿಲ್ಲ. ಕಲ್ಲು ಎತ್ತಿದೆ, ಸುರುಳಿ ತೆಗೆದೆ. ಅವನ ತೋಳು ಹಿಡಿದು ಎಬ್ಬಿಸಿಕೊಂಡು ಬಸ್ಸಿನ ಹತ್ತಿರ, ಆ ಜನರ ನಡುವೆ ಹೋದೆ. ಚಾಚಾ ದಾರಿ ಬಿಟ್ಟರು. ಕೊಯ್ದ ಚೀಲವನ್ನು, ಅದರ ಮೇಲಿನ ಬೊಟ್ಟನ್ನು, ತಂತಿಯನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದೆ. ವಕೀಲರ ಅಂಗಳದಲ್ಲಿ ಒಮ್ಮೆ, ಗಿರಾಕಿಗಳ ಮುಂದೆ ಒಮ್ಮೆ ನನ್ನ ಬಾಯಿ ಕಟ್ಟಿದ್ದು ನಾಲ್ಕು ಜನರ ಕಣ್ಣು. ಈಗ ಬಸ್ಸಿನ ತುಂಬ ಜನ ನನ್ನನ್ನೇ ನೋಡುತ್ತಿದ್ದರು.

"ಎಲ್ಲಾರೂ ಕೇಳ್ರಿ. ಮಸ್ಕಿ ಹಳ್ಳದಾಗ ಬತ್ತಿ ಆರಿಸಿದಾವ ನಾನು. ನನ್ನ ದಬ್ಬಣ ವಾಯರ್ ಹರೀತು. ಹರದದ್ದು ನನಗ ಆವಾಗ್ಲೇ ಗೊತ್ತಿತ್ತು."

ತಮ್ಮ ನನ್ನ ಮುಖ ನೋಡಲಿಲ್ಲ. ನನ್ನ ಕೈಸಮೇತ ತಂತಿಯನ್ನು ತನ್ನ ಕಡೆ ಎಳೆದುಕೊಂಡು, ಹರಿದ ಜಾಗವನ್ನು ಮೂಗಿನ ಹತ್ತಿರ ಹಿಡಿದ. ನಾನು ಅವನ ಕಡೆ ತಿರುಗಿದೆ.

"ಎರಡು ಸಲ ಕೇಳಿದಿ ತಮ್ಮಾ, ಎರಡು ಸಲ ಸುಳ್ಳು ಹೇಳಿದೆ. ನಿನ್ನ ಲೆಕ್ಕ ಸರಿ ಇತ್ತು. ನೀ ಬೊಟ್ಟು ಇಟ್ಟದ್ದು ನನ್ನ ನಂಬಿ. ತಪ್ಪಾತು, ಹೊಟ್ಟಿಗಿ ಹಾಕ್ಕೊ."